ಹದಿನೈದು ನಡೆ ಬಾಯಿಪಾಠ, ನಾಲ್ಕನೆಯ ನಡೆಗೇ ತಬ್ಬಿಬ್ಬು: ಚದುರಂಗ ಪ್ರಶ್ನೋತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಆಟದ ಆರಂಭವನ್ನು, ಅಂದರೆ ಓಪನಿಂಗನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮೂಲೆಯ ಕಾಯಿಯನ್ನು ಆನೆ ಎಂದೂ ಓರೆಯಾಗಿ ಚಲಿಸುವ ಕಾಯಿಯನ್ನು ಒಂಟೆ ಎಂದೂ ಕರೆದಿದ್ದೇನೆ. ಮನೆಗಳ ಹೆಸರು ಎಂದಿನಂತೆ ಎ1ರಿಂದ ಎಚ್8ರವರೆಗೆ. ಕಾಯಿಯ ಹೆಸರಿಲ್ಲದೆ ಬರೀ ಇ4, ಸಿ6 ಎಂದಿದ್ದರೆ ಅದು ಆ ಮನೆಗೆ ಪದಾತಿಯ ನಡೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಆನ್‌ಲೈನ್ ರ್‍ಯಾಪಿಡ್ ಆಟದಲ್ಲಿ ನನ್ನ ರೇಟಿಂಗ್ (ಆಟದ ಬಲ ಅಳೆಯುವ ಅಂಕ) ಒಂದು ವರ್ಷದಿಂದ 1300ರ ಆಸುಪಾಸಿನಲ್ಲೇ ನಿಂತಿದೆ. ವಿಡಿಯೊಗಳನ್ನು ನೋಡಿ ಕಪ್ಪು ಕಾಯಿಗಳಿಗಾಗಿ ಸಿಸಿಲಿಯನ್ ನಾಯ್ಡಾರ್ಫ್ ಓಪನಿಂಗನ್ನು ಹದಿನೈದು ನಡೆಗಳವರೆಗೆ ಬಾಯಿಪಾಠ ಮಾಡಿದ್ದೇನೆ. ಆದರೆ ಎದುರಾಳಿಗಳು ಎರಡನೆಯದೋ ನಾಲ್ಕನೆಯದೋ ನಡೆಯಲ್ಲೇ ದಾರಿ ಬಿಡುತ್ತಾರೆ, ಆಮೇಲೆ ನನಗೆ ಏನೂ ತೋಚುವುದಿಲ್ಲ. ಓಪನಿಂಗ್ ಬದಲಿಸಬೇಕೇ? (ಹಾಸನ)

ಉತ್ತರ: ನಿಮ್ಮ ಎದುರಾಳಿಗಳು ದಾರಿ ಬಿಡುತ್ತಿಲ್ಲ, ಅವರಿಗೆ ಆ ದಾರಿಯೇ ಗೊತ್ತಿಲ್ಲ. ನಾಯ್ಡಾರ್ಫ್ ಬರಬೇಕಾದರೆ ಬಿಳಿಯ ಆಟಗಾರ ಇ4 ಆಡಿ, ನಿಮ್ಮ ಸಿ5ಕ್ಕೆ ಉತ್ತರವಾಗಿ ಕುದುರೆಯನ್ನು ಎಫ್3ಕ್ಕೆ ತಂದು, ಡಿ4 ತಳ್ಳಿ, ಅಲ್ಲಿ ನಿಮ್ಮ ಸಿ ಪದಾತಿ ಹೊಡೆದಾಗ ಕುದುರೆಯಿಂದ ಮರಳಿ ಹೊಡೆದು, ಇನ್ನೊಂದು ಕುದುರೆಯನ್ನು ಸಿ3ಕ್ಕೆ ಇಡಬೇಕು. ಆಗಷ್ಟೇ ನಿಮ್ಮ ಎ6 ನಡೆಗೆ ಅರ್ಥ. ನಿಮ್ಮ ಮಟ್ಟದಲ್ಲಿ ಎರಡನೆಯ ನಡೆಗೇ ಒಂಟೆಯನ್ನು ಸಿ4ಕ್ಕೆ ತರುವವರು, ಸಿ3 ಪದಾತಿಯನ್ನು ತಳ್ಳುವವರು, ಕುದುರೆಯನ್ನು ನೇರವಾಗಿ ಸಿ3ಕ್ಕೆ ಹಾರಿಸುವವರು ಧಾರಾಳವಾಗಿದ್ದಾರೆ. ಆದ್ದರಿಂದ ನೀವು ಓದಿಕೊಂಡ ಹದಿನೈದು ನಡೆಗಳು ಹೆಚ್ಚಿನ ದಿನ ಪರೀಕ್ಷೆಗೆ ಬರುವುದೇ ಇಲ್ಲ.

ಲೀಚೆಸ್ ಎಂಬ ಉಚಿತ ತಾಣದಲ್ಲಿ ಓಪನಿಂಗ್ ಎಕ್ಸ್‌ಪ್ಲೋರರ್ ಎಂಬ ಸಾಧನವಿದೆ. ಅದರಲ್ಲಿ ಗ್ರ್ಯಾಂಡ್‌ಮಾಸ್ಟರುಗಳಂಥವರ ಆಟಗಳನ್ನು ನೋಡುವಂತೆಯೇ, ನಿಮ್ಮ ರೇಟಿಂಗಿನ ಆಸುಪಾಸಿನ ಸಾಮಾನ್ಯ ಆಟಗಾರರು ಒಂದು ಸ್ಥಿತಿಯಲ್ಲಿ ಏನೇನು ಆಡುತ್ತಾರೆ ಎಂಬುದನ್ನೂ ಸೋಸಿ ನೋಡಬಹುದು. ನೀವೇ ಆಡಿದ ಆಟಗಳನ್ನೂ ಹೀಗೆ ಕಲೆಹಾಕಬಹುದು. ಒಂದು ಸಂಜೆ ಕುಳಿತು ಇದನ್ನು ನೋಡಿದರೆ, ಮೊದಲು ಕಲಿಯಬೇಕಾದದ್ದು ನಾಯ್ಡಾರ್ಫ್‌ನ ಹನ್ನೆರಡನೆಯ ನಡೆಯಲ್ಲ, ಎರಡನೆಯ ನಡೆಯ ಆ ಒಂಟೆಗೆ ಉತ್ತರ ಎಂಬುದು ನಿಮಗೇ ಕಾಣುತ್ತದೆ. ಆ ಉತ್ತರವೂ ಸರಳ: ಇ6 ಆಡಿ ಒಂಟೆಯ ಓರೆದಾರಿಗೆ ಗೋಡೆ ಕಟ್ಟಿ, ಕುದುರೆಯನ್ನು ಎಫ್6ಕ್ಕೆ ತಂದು, ತಕ್ಕ ಸಮಯದಲ್ಲಿ ಡಿ5 ತಳ್ಳಿದರೆ, ಅವಸರದಿಂದ ಹೊರಬಂದ ಆ ಒಂಟೆಯೇ ಹಿಂದೆ ಸರಿಯಬೇಕಾಗುತ್ತದೆ. ಇ6 ಆದ ತಕ್ಷಣವೇ ಡಿ5 ತಳ್ಳಬಹುದೇ ಎಂಬುದು ಬಿಳಿಯ ಮೂರನೆಯ ನಡೆಯನ್ನು ಅವಲಂಬಿಸಿದೆ. ಬಿಳಿಯ ಕುದುರೆ ಆಗಲೇ ಸಿ3ರಲ್ಲಿದ್ದರೆ ಆ ಪದಾತಿ ಹೋಗುತ್ತದೆ. ಎಷ್ಟು ಹೊಡೆತಗಳಿವೆ, ಎಷ್ಟು ಕಾವಲಿದೆ ಎಂದು ಎಣಿಸಿಯೇ ತಳ್ಳಿ.

ಓಪನಿಂಗ್ ಬದಲಿಸಲೇಬೇಕೆಂದಿಲ್ಲ, ಆದರೆ ನನ್ನ ಅಭಿಪ್ರಾಯ ಕೇಳಿದ್ದರಿಂದ ಹೇಳುತ್ತೇನೆ: ಬದಲಿಸಿ. ನಾಯ್ಡಾರ್ಫ್‌ನಲ್ಲಿ ಒಂದು ನಡೆ ಹಿಂದುಮುಂದಾದರೆ ರಾಜನೇ ಬಯಲಿಗೆ ಬೀಳುವಂಥ ಸಾಲುಗಳು ಬಹಳ. ಕೆಲಸಕ್ಕೆ ಹತ್ತಿರವಾದ ಆಯ್ಕೆ ಕಾರೊ–ಕಾನ್. ಬಿಳಿಯ ಇ4ಕ್ಕೆ ಸಿ6, ಡಿ4ಕ್ಕೆ ಡಿ5. ಬಿಳಿ ಪದಾತಿ ಇ5ಕ್ಕೆ ಮುಂದುವರಿದರೆ, ನಿಮ್ಮ ಒಂಟೆ ಮೊದಲು ಎಫ್5ಕ್ಕೆ ಹೊರಬರುತ್ತದೆ, ಆಮೇಲೆ ಇ6 ಬರುತ್ತದೆ. ಫ್ರೆಂಚ್ ಓಪನಿಂಗಿನಲ್ಲಿ ಇ6 ಮೊದಲೇ ಬಂದು ಅದೇ ಒಂಟೆ ಒಳಗೆ ಸಿಕ್ಕಿಕೊಳ್ಳುತ್ತದೆ. ಇಷ್ಟೇ ವ್ಯತ್ಯಾಸ ಇಡೀ ಆಟದ ಬಣ್ಣವನ್ನು ಬದಲಿಸುತ್ತದೆ. ಆನಂತರ ಸಿ5 ತಳ್ಳಿ ಬಿಳಿಯ ಡಿ4 ಪದಾತಿಯನ್ನು, ಅಂದರೆ ಆ ಪದಾತಿ ಸಾಲಿನ ಬುಡವನ್ನು ಕೆಣಕುವುದು ನಿಮ್ಮ ಕೆಲಸ.

ಬಿಳಿಯವರು ಮೂರನೆಯ ನಡೆಯಲ್ಲಿ ಡಿ5ರಲ್ಲಿ ಹೊಡೆದು ನೀವು ಸಿ ಪದಾತಿಯಿಂದ ಮರಳಿ ಹೊಡೆದರೆ ಬರುವ ಸ್ಥಿತಿಯನ್ನು ನಾನು ವಿಶೇಷವಾಗಿ ಅಭ್ಯಾಸ ಮಾಡಲು ಹೇಳುತ್ತೇನೆ. ಅಲ್ಲಿ ಬಿಳಿಗೆ ಇ ಸಾಲು ಅರ್ಧ ತೆರೆದಿರುತ್ತದೆ, ಅಂದರೆ ಆ ಸಾಲಿನಲ್ಲಿ ಅವರ ಪದಾತಿ ಇರುವುದಿಲ್ಲ; ಹಾಗೆಯೇ ನಿಮಗೆ ಸಿ ಸಾಲು. ರಾಣಿಯ ಬದಿಯಲ್ಲಿ ಬಿಳಿಗೆ ಎ, ಬಿ, ಸಿ ಎಂದು ಮೂರು ಪದಾತಿಗಳು, ನಿಮಗೆ ಎ, ಬಿ ಎರಡೇ. ಕಡಿಮೆ ಇರುವ ಈ ಎರಡನ್ನೇ ಬಿ5, ಬಿ4 ಎಂದು ಮುಂದೆ ಕಳುಹಿಸಿ ಸಿ3ರಲ್ಲಿ ವಿನಿಮಯ ಮಾಡಿಸಿದರೆ, ಬಿಳಿಯ ಪದಾತಿ ಅಲ್ಲಿ ಹಿಂದುಳಿದು, ಸಿ8ರಲ್ಲಿ ನಿಂತ ನಿಮ್ಮ ಆನೆಗೆ ಗುರಿಯಾಗುತ್ತದೆ. ಬಿಳಿಯವರು ಅಷ್ಟರಲ್ಲಿ ಕುದುರೆಯನ್ನು ಇ5ಕ್ಕೆ ನೆಟ್ಟು ನಿಮ್ಮ ರಾಜನ ಕಡೆಗೆ ಬರಲು ನೋಡುತ್ತಾರೆ. ಈ ಎರಡು ಓಟಗಳಲ್ಲಿ ಯಾರು ಮುಂದು ಎಂಬುದೇ ಮುಂದಿನ ಇಪ್ಪತ್ತು ನಡೆಗಳ ಕಥೆ.

ಇನ್ನೂ ಒಂದು ಲಾಭವಿದೆ. ಬಿಳಿ ಕಾಯಿಗಳಲ್ಲಿ ನೀವು ಡಿ4, ಸಿ4 ಆಡುವ ಕ್ವೀನ್ಸ್ ಗ್ಯಾಂಬಿಟ್ ಕಲಿತು, ಎದುರಾಳಿ ಡಿ5, ಇ6 ಆಡಿದಾಗ ಡಿ5ರಲ್ಲಿ ವಿನಿಮಯ ಮಾಡಿದರೆ ಇದೇ ರಚನೆ ಕನ್ನಡಿಯಲ್ಲಿ ಕಂಡಂತೆ ನಿಮ್ಮ ಕಡೆಗೆ ತಿರುಗುತ್ತದೆ. ಆಗ ಬಿ4, ಬಿ5 ತಳ್ಳುವವರು ನೀವು, ಸಿ6 ಕಾಯುವವರು ಅವರು. ಒಂದೇ ರಚನೆಯನ್ನು ಎರಡೂ ಬಣ್ಣಗಳಲ್ಲಿ ಆಡಿದವನಿಗೆ ಆ ಸ್ಥಿತಿಯ ಗುಟ್ಟು ಬೇಗ ತಿಳಿಯುತ್ತದೆ. ಓಪನಿಂಗುಗಳನ್ನು ಹೆಸರಿನ ಆಕರ್ಷಣೆಯಿಂದ ಒಂದೊಂದಾಗಿ ಆರಿಸದೆ, ಹೀಗೆ ಪರಸ್ಪರ ಸಂಬಂಧವಿರುವ ಜೋಡಿಯಾಗಿ ಆರಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಇನ್ನು ಅಭ್ಯಾಸದ ಕ್ರಮ. ಒಂದು ನೋಟ್‌ಪುಸ್ತಕವನ್ನೋ ಲೀಚೆಸ್‌ನ ಸ್ಟಡಿಯನ್ನೋ ಇಟ್ಟುಕೊಳ್ಳಿ, ಆದರೆ ಆರಂಭದಲ್ಲಿ ಅದರಲ್ಲಿ ಐದಾರು ನಡೆಗಳಿಗಿಂತ ಹೆಚ್ಚು ಬರೆಯಬೇಡಿ. ಪ್ರತಿ ಆಟದ ನಂತರ, ನಿಮಗೆ ಗೊತ್ತಿದ್ದ ದಾರಿ ಎಷ್ಟನೆಯ ನಡೆಯಲ್ಲಿ ಮುಗಿಯಿತು ಎಂಬುದನ್ನು ಗುರುತಿಸಿ, ಅಲ್ಲಿ ಆಡಬೇಕಿದ್ದ ಒಂದೇ ಒಂದು ನಡೆಯನ್ನು ಸೇರಿಸಿ, ಅದರ ಪಕ್ಕದಲ್ಲಿ ಅದು ಏಕೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಕಾರಣವನ್ನು ಬರೆಯಲು ಬರದಿದ್ದರೆ ಆ ನಡೆಯನ್ನು ಸೇರಿಸಬೇಡಿ. ಹೀಗೆ ನಿಮ್ಮ ಸೋಲುಗಳಿಂದಲೇ ಬೆಳೆದ ಪುಸ್ತಕ ತೆಳ್ಳಗಿರುತ್ತದೆ, ಆದರೆ ಅದರಲ್ಲಿರುವುದೆಲ್ಲ ನಿಮ್ಮ ಹಲಗೆಯ ಮೇಲೆ ನಿಜವಾಗಿ ಬಂದದ್ದೇ ಆಗಿರುತ್ತದೆ. ‘ಈ ಓಪನಿಂಗ್ ಆಡಿದರೆ ಗೆಲುವು ಖಚಿತ’ ಎಂಬ ತಲೆಬರಹದ ವಿಡಿಯೊಗಳನ್ನು ಊಟದ ಹೊತ್ತಿನ ಮನರಂಜನೆಗೆ ನೋಡಲು ನನ್ನ ಅಭ್ಯಂತರವಿಲ್ಲ. ಅದನ್ನು ಅಭ್ಯಾಸದ ಲೆಕ್ಕಕ್ಕೆ ಮಾತ್ರ ಹಿಡಿಯಬೇಡಿ.

ಪ್ರಶ್ನೆ: ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ರಾತ್ರಿ ಮುಕ್ಕಾಲು ಗಂಟೆ ಸಿಗುತ್ತದೆ. ಈಗ ಆ ಹೊತ್ತಿನಲ್ಲಿ ಮೂರು ನಿಮಿಷದ ಬ್ಲಿಟ್ಜ್ ಆಟಗಳನ್ನು ಒಂದರ ಹಿಂದೊಂದು ಆಡುತ್ತೇನೆ. ವಯಸ್ಸು ನಲವತ್ತರ ಹತ್ತಿರ. ಇನ್ನು ಸುಧಾರಣೆ ಸಾಧ್ಯವೇ? (ಹುಬ್ಬಳ್ಳಿ)

ಉತ್ತರ: ವಯಸ್ಸಿನ ಮಾತನ್ನು ಮೊದಲು ಮುಗಿಸೋಣ. ಮೈಸೂರಿನ ಎಂ.ಎಸ್. ತೇಜಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಾಗ ಅವರಿಗೆ ಮೂವತ್ತೈದು ದಾಟಿತ್ತು, ಮೇಲಾಗಿ ಅವರು ರೈಲ್ವೆ ಉದ್ಯೋಗಿ. ಅವರ ಹಿಂದೆ ಬಾಲ್ಯದಿಂದ ಬಂದ ಅಭ್ಯಾಸವಿತ್ತು ಎಂಬುದು ನಿಜ. ಆದರೆ ನಿಮ್ಮ ಗುರಿಯೂ ಗ್ರ್ಯಾಂಡ್‌ಮಾಸ್ಟರ್ ಪಟ್ಟವಲ್ಲವಲ್ಲ.

ಮೂರು ನಿಮಿಷದ ಆಟದಲ್ಲಿ ನೀವು ಈಗಾಗಲೇ ಬಲ್ಲದ್ದನ್ನು ವೇಗವಾಗಿ ಮಾಡುತ್ತೀರಿ, ಹೊಸದನ್ನು ಯೋಚಿಸಲು ಪುರುಸೊತ್ತಿರುವುದಿಲ್ಲ. ಬದಲಿಗೆ ಹದಿನೈದು ನಿಮಿಷ, ಪ್ರತಿ ನಡೆಗೆ ಹತ್ತು ಸೆಕೆಂಡ್ ಸೇರುವ ಕ್ರಮದಲ್ಲಿ ಒಂದೇ ಆಟ ಆಡಿ. ನಲವತ್ತು ನಡೆಗಳ ಆಟಕ್ಕೆ ತಲಾ ಸುಮಾರು 22 ನಿಮಿಷ ಸಿಗುತ್ತದೆ, ಇಬ್ಬರದೂ ಸೇರಿದರೆ ನಿಮ್ಮ ಮುಕ್ಕಾಲು ಗಂಟೆಗೆ ಸರಿಹೊಂದುತ್ತದೆ. ಮರುದಿನ ರಾತ್ರಿ ಹೊಸ ಆಟ ಬೇಡ. ಹಿಂದಿನ ದಿನದ್ದನ್ನು ಎಂಜಿನ್ (ಒಳ್ಳೆಯ ನಡೆಯನ್ನು ಲೆಕ್ಕಹಾಕಿ ತೋರಿಸುವ ಕಂಪ್ಯೂಟರ್ ತಂತ್ರಾಂಶ) ಮುಚ್ಚಿಟ್ಟು ಮೊದಲಿನಿಂದ ನೋಡಿ. ಎಲ್ಲಿ ಗೊಂದಲವಾಯಿತು, ಏನನ್ನು ನೋಡದೇ ಹೋದಿರಿ, ಯಾವ ನಡೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ಗುರುತು ಹಾಕಿಕೊಂಡ ಮೇಲೆಯೇ ಎಂಜಿನ್ ತೆರೆಯಿರಿ. ಪ್ರತಿ ನಡೆಗೆ ತೆಗೆದುಕೊಂಡ ಸಮಯವನ್ನು ತಾಣವೇ ನಕ್ಷೆಯಾಗಿ ತೋರಿಸುತ್ತದೆ. ದೊಡ್ಡ ತಪ್ಪುಗಳು ಬಹುಮಟ್ಟಿಗೆ ಎರಡು ಕಡೆ ಕೂಡಿರುವುದನ್ನು ನೀವು ಕಾಣುವಿರಿ: ಎರಡೇ ಸೆಕೆಂಡಿನಲ್ಲಿ ಆಡಿದ ನಡೆಗಳಲ್ಲಿ, ಮತ್ತು ಬಹಳ ಹೊತ್ತು ಯೋಚಿಸಿ ದಣಿದ ನಡೆಯ ಮರುನಡೆಯಲ್ಲಿ.

ಮೂರನೆಯ ರಾತ್ರಿಯನ್ನು ಪಜಲ್‌ಗಳಿಗೂ ಅಂತ್ಯದಾಟಕ್ಕೂ ಹಂಚಿ. ಪಜಲ್‌ನಲ್ಲಿ ಉತ್ತರವನ್ನು ಊಹಿಸಿ ಕಾಯಿ ಎತ್ತಬೇಡಿ, ಎದುರಾಳಿಯ ಎಲ್ಲ ಮುಖ್ಯ ಉತ್ತರಗಳನ್ನೂ ಮನಸ್ಸಿನಲ್ಲೇ ಕೊನೆಯವರೆಗೆ ನೋಡಿದ ಮೇಲೆ ಮೊದಲ ನಡೆ ಇಡಿ. ಪಜಲ್‌ನ ಒಂದು ಮಿತಿಯೂ ಗೊತ್ತಿರಲಿ: ಅಲ್ಲಿ ಏನೋ ಇದೆ ಎಂದು ನಿಮಗೆ ಮೊದಲೇ ತಿಳಿದಿರುತ್ತದೆ, ನಿಜವಾದ ಆಟದಲ್ಲಿ ಹಾಗೆ ಯಾರೂ ಹೇಳುವುದಿಲ್ಲ. ಅದಕ್ಕಾಗಿ ಪ್ರತಿ ನಡೆಗೆ ಮೊದಲು, ಎದುರಾಳಿ ಯಾವ ಚೆಕ್ ಕೊಡಬಹುದು, ಏನನ್ನು ಹೊಡೆಯಬಹುದು, ಯಾವ ಬೆದರಿಕೆ ಒಡ್ಡಬಹುದು ಎಂದು ನೋಡುವ ರೂಢಿ ಬೇಕು. ಹಿಂದೆ ಕೆಲವು ತರಬೇತುದಾರರು ನಡೆಯನ್ನು ಮೊದಲು ಹಾಳೆಯಲ್ಲಿ ಬರೆದು, ಒಮ್ಮೆ ಹಲಗೆ ನೋಡಿ, ಆಮೇಲೆ ಆಡಲು ಹೇಳುತ್ತಿದ್ದರು. ಡ್ರಾ ಕೇಳುವಂಥ ಸಂದರ್ಭ ಬಿಟ್ಟರೆ ಹಾಗೆ ಮುಂಚಿತವಾಗಿ ಬರೆಯುವುದನ್ನು ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮ ಈಗ ಒಪ್ಪುವುದಿಲ್ಲ. ಆದ್ದರಿಂದ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು ನೋಡುವುದೇ ಉಳಿದ ಉಪಾಯ.

ಅಂತ್ಯದಾಟದಲ್ಲಿ ರಾಜರು ಎದುರುಬದುರು ನಿಲ್ಲುವ ಆಪೊಸಿಷನ್ ಮತ್ತು ಆನೆಗಳ ಆಟದ ಲುಸೆನಾ, ಫಿಲಿಡೋರ್ ಎಂಬ ಮಾದರಿ ಸ್ಥಿತಿಗಳನ್ನು ಕಲಿತರೆ ಈ ವರ್ಷಕ್ಕೆ ಸಾಕು. ಅಂತ್ಯದಾಟದ ಬೆಲೆಗೆ ಒಂದು ಉದಾಹರಣೆ: 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ ಆಟ ಡ್ರಾದತ್ತ ಸಾಗಿದ್ದಾಗ, ಆಗಿನ ಚಾಂಪಿಯನ್ ಚೀನಾದ ಡಿಂಗ್ ಲಿರೆನ್ 55ನೆಯ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದು ಎಡವಿದರು. ಭಾರತದ ಗುಕೇಶ್ ಮೊದಲು ಆನೆಗಳನ್ನು, ಆಮೇಲೆ ಒಂಟೆಗಳನ್ನು ವಿನಿಮಯ ಮಾಡಿಸಿ, ಬರೀ ರಾಜ ಮತ್ತು ಪದಾತಿಗಳ ಗೆಲ್ಲುವ ಅಂತ್ಯಕ್ಕೆ ಆಟವನ್ನು ಇಳಿಸಿ 7.5–6.5ರಿಂದ ಪಟ್ಟ ಗೆದ್ದರು. ಹದಿನಾಲ್ಕು ಆಟಗಳುದ್ದಕ್ಕೂ ಇಬ್ಬರ ಸಹಾಯಕ ತಂಡಗಳೂ ಮಾಡಿದ ಓಪನಿಂಗ್ ತಯಾರಿ ಎಷ್ಟೇ ಇದ್ದರೂ, ಕೊನೆಗೆ ತೀರ್ಪಾದದ್ದು ಪದಾತಿಗಳ ಅಂತ್ಯದಲ್ಲಿ.

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ತರಬೇತುದಾರರು ಕೊಟ್ಟ ಓಪನಿಂಗ್ ಫೈಲುಗಳನ್ನು ಮನೆಯಲ್ಲಿ ತಪ್ಪಿಲ್ಲದೆ ಒಪ್ಪಿಸುತ್ತಾಳೆ. ಟೂರ್ನಿಯಲ್ಲಿ ಕುಳಿತರೆ ಮರೆತುಬಿಡುತ್ತಾಳೆ. ದಿನವೂ ಎಂಜಿನ್ ಹಾಕಿ ತಪ್ಪು ತೋರಿಸಿದರೆ ಬೇಗ ಕಲಿಯುತ್ತಾಳೆಯೇ? ರೇಟಿಂಗ್ ಒಮ್ಮೆಗೇ ಇಳಿದದ್ದೂ ಚಿಂತೆಯಾಗಿದೆ. (ಉಡುಪಿ)

ಉತ್ತರ: ಮಗಳ ನೆನಪಿನ ಶಕ್ತಿಯಲ್ಲಿ ಕೊರತೆಯಿಲ್ಲ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಇಬ್ಬರು ಸಂಶೋಧಕರು ಪ್ರಕಟಿಸಿದ ಹೆಸರಾಂತ ಅಧ್ಯಯನವೊಂದಿದೆ. ನಿಜವಾದ ಆಟದ ಸ್ಥಿತಿಯನ್ನು ಕೆಲವೇ ಸೆಕೆಂಡು ತೋರಿಸಿ ಮುಚ್ಚಿದರೆ ಬಲಿಷ್ಠ ಆಟಗಾರರು ಅದನ್ನು ಬಹುಪಾಲು ಮರಳಿ ಜೋಡಿಸಬಲ್ಲರು. ಆದರೆ ಅಷ್ಟೇ ಕಾಯಿಗಳನ್ನು ಅರ್ಥವಿಲ್ಲದಂತೆ ಚೆಲ್ಲಾಪಿಲ್ಲಿಯಾಗಿ ಇಟ್ಟರೆ ಅವರ ಆ ಮೇಲುಗೈ ಹೆಚ್ಚುಕಡಿಮೆ ಕರಗಿಹೋಗುತ್ತದೆ. ಹಲಗೆಯ ನೆನಪು ಅರ್ಥಕ್ಕೆ ಅಂಟಿಕೊಂಡೇ ಉಳಿಯುತ್ತದೆ. ಮಗಳು ಒಪ್ಪಿಸುತ್ತಿರುವ ಫೈಲುಗಳು ಅವಳ ಮಟ್ಟಿಗೆ ಬರೀ ಅಕ್ಷರ–ಅಂಕಿಗಳಾಗಿರುವಂತೆ ತೋರುತ್ತದೆ.

ಒಂದು ಪರೀಕ್ಷೆ ಮಾಡಿ ನೋಡಿ. ಇ4ಕ್ಕೆ ಇ5, ಎರಡೂ ಕಡೆ ಕುದುರೆಗಳು ಎಫ್3 ಮತ್ತು ಸಿ6, ಬಿಳಿ ಒಂಟೆ ಸಿ4, ಕಪ್ಪು ಕುದುರೆ ಎಫ್6, ಬಿಳಿ ಕುದುರೆ ಜಿ5ಕ್ಕೆ ಜಿಗಿತ: ಇದು ಮಕ್ಕಳ ಟೂರ್ನಿಗಳಲ್ಲಿ ಹೇರಳವಾಗಿ ಬರುವ ಸ್ಥಿತಿ. ಕಪ್ಪು ಡಿ5 ತಳ್ಳಿ, ಬಿಳಿ ಅದನ್ನು ಪದಾತಿಯಿಂದ ಹೊಡೆದಾಗ, ‘ಕುದುರೆಯಿಂದ ಏಕೆ ಮರಳಿ ಹೊಡೆಯಬಾರದು’ ಎಂದು ಮಗಳನ್ನು ಕೇಳಿ. ಹಾಗೆ ಹೊಡೆದರೆ ಬಿಳಿ ಕುದುರೆ ಎಫ್7ರಲ್ಲಿ ಬಲಿಯಾಗಿ ರಾಜನನ್ನು ಹೊರಗೆಳೆಯುತ್ತದೆ, ರಾಣಿ ಎಫ್3ಕ್ಕೆ ಬಂದು ಚೆಕ್ ಕೊಡುತ್ತಲೇ ಡಿ5ರ ಕುದುರೆಯ ಮೇಲೂ ಕಣ್ಣಿಡುತ್ತದೆ, ಆ ಕುದುರೆಯನ್ನು ಉಳಿಸಿಕೊಳ್ಳಬೇಕಾದರೆ ರಾಜ ಇ6ಕ್ಕೆ, ಹಲಗೆಯ ನಡುಬಯಲಿಗೆ, ನಡೆಯಬೇಕಾಗುತ್ತದೆ. ಅದಕ್ಕಾಗಿಯೇ ಬಲ್ಲವರು ಸಿ6ರ ಕುದುರೆಯನ್ನು ಎ5ಕ್ಕೆ ಹಾರಿಸಿ, ಒಂದು ಪದಾತಿಯನ್ನು ಬಿಟ್ಟುಕೊಟ್ಟು, ಸಿ4ರ ಒಂಟೆಯನ್ನು ಓಡಿಸುತ್ತಾರೆ. ಇದನ್ನು ಅವಳು ತನ್ನದೇ ಮಾತಿನಲ್ಲಿ, ಮನೆಯ ಕನ್ನಡದಲ್ಲೋ ತುಳುವಿನಲ್ಲೋ ಹೇಳಬಲ್ಲಳಾದರೆ ಟೂರ್ನಿಯಲ್ಲಿ ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಹೇಳಲಾಗದ ಸಾಲುಗಳನ್ನು ಸದ್ಯಕ್ಕೆ ಬದಿಗಿಡಲು ತರಬೇತುದಾರರನ್ನೇ ಕೇಳಿಕೊಳ್ಳಿ. ಉಳಿದವುಗಳನ್ನು ಮರುದಿನ, ನಾಲ್ಕು ದಿನದ ಮೇಲೆ, ಹದಿನೈದು ದಿನದ ಮೇಲೆ ಎಂದು ಅಂತರ ಹೆಚ್ಚಿಸುತ್ತ ನೆನಪಿಸಿದರೆ, ಒಂದೇ ದಿನ ಹತ್ತು ಸಲ ಒಪ್ಪಿಸುವುದಕ್ಕಿಂತ ಚೆನ್ನಾಗಿ ನಿಲ್ಲುತ್ತವೆ.

ಎಂಜಿನ್ ಅವಳ ಕೈಗೆ ಈಗಲೇ ಬೇಡ ಎನ್ನುತ್ತೇನೆ. ಗುಕೇಶ್ ಅವರ ತರಬೇತುದಾರ ವಿಷ್ಣು ಪ್ರಸನ್ನ ಶಿಷ್ಯನನ್ನು ಬಾಲ್ಯದ ಬಹುಕಾಲ ಎಂಜಿನ್ನಿನಿಂದ ದೂರವಿಟ್ಟು, ಸ್ವಂತ ಲೆಕ್ಕಾಚಾರದಿಂದಲೇ ಬೆಳೆಸಿದ್ದು ಪ್ರಸಿದ್ಧ ಸಂಗತಿ. ಎಲ್ಲ ಮಕ್ಕಳಿಗೂ ಅದೇ ಮಾರ್ಗವೆಂದು ನಾನು ವಾದಿಸುವುದಿಲ್ಲ. ಆದರೆ ಎಂಜಿನ್ ತಪ್ಪನ್ನು ತೋರಿಸುತ್ತದೆಯೇ ಹೊರತು, ಮಗುವಿಗೆ ಆ ಕ್ಷಣದಲ್ಲಿ ಆ ನಡೆ ಏಕೆ ಸರಿಯೆನಿಸಿತು ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ನೀವೋ ತರಬೇತುದಾರರೋ ಕೇಳಬೇಕು.

ರೇಟಿಂಗಿನ ಚಿಂತೆ ಬಿಡಿ. ಹದಿನೆಂಟರೊಳಗಿನ ಆಟಗಾರರಿಗೆ 2300 ಮುಟ್ಟುವವರೆಗೆ ಫಿಡೆ ಬಳಸುವ ಗುಣಾಂಕ, ಅಂದರೆ ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯಬೇಕೆಂದು ಲೆಕ್ಕಹಾಕುವ ಸಂಖ್ಯೆ, 40. ಸಮಬಲದ ಎದುರಾಳಿಗೆ ಸೋತ ಒಂದೇ ಆಟಕ್ಕೆ 20 ಅಂಕ ಹೋಗುತ್ತದೆ, ಗೆದ್ದರೆ ಅಷ್ಟೇ ಬರುತ್ತದೆ. ಒಂದು ಕೆಟ್ಟ ವಾರಾಂತ್ಯ ಸಾಕು, ನೂರು ಅಂಕ ಇಳಿಯಲು.

ಪ್ರಶ್ನೆ: ಲಂಡನ್ ಸಿಸ್ಟಮ್ ಆಡುತ್ತೇನೆಂದರೆ ಕ್ಲಬ್ಬಿನಲ್ಲಿ ನಗುತ್ತಾರೆ. ಅದು ಸೋಮಾರಿಗಳ ಓಪನಿಂಗೇ? (ತುಮಕೂರು)

ಉತ್ತರ: 2023ರ ವಿಶ್ವ ಚಾಂಪಿಯನ್‌ಷಿಪ್‌ನ ಆರನೆಯ ಆಟವನ್ನು ಡಿಂಗ್ ಲಿರೆನ್ ಲಂಡನ್ ಆಡಿಯೇ ರಷ್ಯಾದ ನೆಪೊಮ್ನಿಯಾಚಿ ವಿರುದ್ಧ ಗೆದ್ದರು, ನಗುವವರಿಗೆ ಆ ಆಟವನ್ನು ತೋರಿಸಿ. ಎದುರಾಳಿ ಏನು ಮಾಡಿದರೂ ಡಿ4, ಒಂಟೆ ಎಫ್4, ಇ3, ಸಿ3 ಎಂದು ಕಣ್ಣುಮುಚ್ಚಿ ಆಡುವವರು ಮಾತ್ರ ಸೋಮಾರಿಗಳು. ಕಪ್ಪು ಬೇಗನೆ ಸಿ5 ಆಡಿ ರಾಣಿಯನ್ನು ಬಿ6ಕ್ಕೆ ತಂದಾಗ ಬಿ2 ಪದಾತಿಗೆ ಏನು ಮಾಡುವಿರಿ ಎಂಬುದಕ್ಕೆ ಉತ್ತರವಿದ್ದರೆ ಧೈರ್ಯವಾಗಿ ಆಡಿ.

ಪ್ರಶ್ನೆ: ನಿವೃತ್ತ ಶಿಕ್ಷಕ. ನಮ್ಮ ಕಾಲದ ಆಟದಲ್ಲಿ ಪದಾತಿ ಒಂದೊಂದೇ ಮನೆ ನಡೆಯುತ್ತಿತ್ತು. ಮೊಮ್ಮಗ ಮೊಬೈಲಿನಲ್ಲಿ ಆಡಿಸುವಾಗ, ಎರಡು ಮನೆ ಹಾರಿದ ನನ್ನ ಪದಾತಿಯನ್ನು ಪಕ್ಕದ ಪದಾತಿ ಹಿಂದಿನಿಂದ ಹೊಡೆದುಬಿಟ್ಟಿತು. ಇದು ಮೋಸವಲ್ಲವೇ? ಈ ವಯಸ್ಸಿನಲ್ಲಿ ಓಪನಿಂಗ್ ಕಲಿಯಬೇಕೇ? (ಧಾರವಾಡ)

ಉತ್ತರ: ಮೋಸವಲ್ಲ, ಗುರುಗಳೇ. ಪದಾತಿಗೆ ಮೊದಲ ಸಲ ಎರಡು ಮನೆ ಹೋಗುವ ಸವಲತ್ತು ಕೊಟ್ಟ ಮೇಲೆ, ಅದು ಎದುರಾಳಿ ಪದಾತಿಯ ಹೊಡೆತವನ್ನು ತಪ್ಪಿಸಿಕೊಂಡು ದಾಟದಿರಲೆಂದು ಬಂದ ನಿಯಮ ಅದು. ಹೆಸರು ಆನ್ ಪಾಸಾಂ. ಎರಡು ಮನೆ ಹಾರಿದ ಪದಾತಿಯನ್ನು, ಒಂದೇ ಮನೆ ನಡೆದಿತ್ತೆಂದು ಭಾವಿಸಿ, ತಕ್ಷಣದ ಮರುನಡೆಯಲ್ಲಿ ಮಾತ್ರ ಹೊಡೆಯಬಹುದು. ಒಂದು ನಡೆ ತಡವಾದರೆ ಆ ಹಕ್ಕು ಹೋಯಿತು.

ಹಳೆಯ ಪದ್ಧತಿಯಲ್ಲಿ ಪಳಗಿದವರಿಗೆ ಓಪನಿಂಗ್ ತೊಡಕಾಗುವುದು ಸಹಜ, ಆದರೆ ಅದು ಅಡ್ಡಗೋಡೆಯಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಸಿ ನಿಯಮಗಳಲ್ಲೇ ಆಡಿ ಬೆಳೆದವರು. 1929ರಲ್ಲಿ ಇಂಗ್ಲೆಂಡಿಗೆ ಹೋದಾಗ ಓಪನಿಂಗ್ ಶಾಸ್ತ್ರದಲ್ಲಿ ಅವರಿಗಿದ್ದ ಜ್ಞಾನ ಅತ್ಯಲ್ಪ. ಆದರೂ ಅದೇ ವರ್ಷ, ಮತ್ತೆ 1932 ಹಾಗೂ 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1930–31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದರು. ಆರಂಭದಲ್ಲಿ ಹಿಂದೆ ಬಿದ್ದರೂ ಮಧ್ಯದಾಟದ, ಅಂತ್ಯದಾಟದ ಬಲದಿಂದ ಚೇತರಿಸಿಕೊಳ್ಳುವುದು ಅವರ ರೀತಿ. 2024ರಲ್ಲಿ ಫಿಡೆ ಅವರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ನೀಡಿತು. ತಾವು ಇ4 ಅಥವಾ ಡಿ4 ಎಂದು ಒಂದೇ ನಡೆಯಿಂದ ಸದಾ ಆರಂಭಿಸಿ, ಕುದುರೆ–ಒಂಟೆಗಳನ್ನು ಹೊರತಂದು, ಹತ್ತು ನಡೆಗಳೊಳಗೆ ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜನನ್ನು ಬದಿಗೆ ಸರಿಸಿ ಆನೆಯನ್ನು ಅವನ ಪಕ್ಕಕ್ಕೆ ತರುವುದು) ಮಾಡಿಕೊಂಡರೆ ಮೊಮ್ಮಗನಿಗೆ ಸಾಕಷ್ಟು ಕಷ್ಟ ಕೊಡಬಹುದು.

ಪ್ರಶ್ನೆ: ಟೂರ್ನಿಯಲ್ಲಿ ನಾಳೆಯ ಎದುರಾಳಿ ಯಾರೆಂದು ಹಿಂದಿನ ರಾತ್ರಿಯೇ ತಿಳಿದರೆ ಹೇಗೆ ತಯಾರಾಗಬೇಕು? (ಶಿವಮೊಗ್ಗ)

ಉತ್ತರ: ಎದುರಾಳಿಯ ಹಿಂದಿನ ಆಟಗಳು ಡೇಟಾಬೇಸಿನಲ್ಲಿ ಸಿಕ್ಕರೆ, ಅವರ ಇತ್ತೀಚಿನ ಐದಾರು ಆಟಗಳಲ್ಲಿ ನಿಮ್ಮ ಮೊದಲ ನಡೆಗೆ ಅವರು ಏನು ಆಡಿದ್ದಾರೆ ಎಂಬುದನ್ನು ಮಾತ್ರ ನೋಡಿ, ಆ ಸಾಲಿನಲ್ಲಿ ನಿಮ್ಮ ಟಿಪ್ಪಣಿಯನ್ನು ಒಮ್ಮೆ ಹಲಗೆಯ ಮೇಲೆ ಆಡಿಸಿ, ಮುಚ್ಚಿಡಿ. ಇದಕ್ಕೆ ಅರ್ಧ ಗಂಟೆ ಸಾಕು. ಅವರಿಗಾಗಿ ರಾತ್ರೋರಾತ್ರಿ ಹೊಸ ಓಪನಿಂಗ್ ಕಲಿಯುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ, ಏಕೆಂದರೆ ಅವರೂ ನಿಮ್ಮ ಆಟ ನೋಡಿ ಬೇರೆಯದನ್ನೇ ಆಡಿದರೆ, ನಿದ್ದೆಗೆಟ್ಟದ್ದಷ್ಟೇ ಉಳಿಯುತ್ತದೆ. ದಿನಕ್ಕೆ ಎರಡು ಮೂರು ಸುತ್ತು ನಡೆಯುವ ಟೂರ್ನಿಗಳಲ್ಲಿ ಮುಂದಿನ ಜೋಡಿಪಟ್ಟಿ ಆಟಕ್ಕೆ ಸ್ವಲ್ಪ ಮುಂಚೆ ಬರುವುದೂ ಉಂಟು. ಅಂಥ ಕಡೆ ತಯಾರಿಯ ಬದಲು ಊಟ ಮಾಡಿ, ಒಂದಿಷ್ಟು ನಡೆದಾಡಿ ಬನ್ನಿ.

ಕೊನೆಯ ಹೊತ್ತಿನ ಟಿಪ್ಪಣಿಗಳನ್ನು ಫೋನಿನಲ್ಲಿ ಇಟ್ಟುಕೊಂಡಿದ್ದರೆ ಸಭಾಂಗಣಕ್ಕೆ ಹೋಗುವ ಮೊದಲೇ ಓದಿ ಮುಗಿಸಿ, ಫೋನನ್ನು ಹೊರಗೆ ಕೊಟ್ಟುಬಿಡಿ. ಅನುಮತಿಯಿಲ್ಲದ ಎಲೆಕ್ಟ್ರಾನಿಕ್ ಸಾಧನ ಆಡುವ ಸ್ಥಳದಲ್ಲಿ ಆಟಗಾರನ ಬಳಿ ಸಿಕ್ಕಿಬಿದ್ದರೆ ಆಟವನ್ನೇ ಸೋತಂತೆ ಎಂಬುದು ಫಿಡೆ ನಿಯಮ. ಆಟದ ನಡುವೆ ನೋಡಲು ಜೇಬಿನಲ್ಲಿ ಕಾಗದದ ಚೀಟಿ ಇಟ್ಟುಕೊಳ್ಳಲೂ ಅವಕಾಶವಿಲ್ಲ.